ಮೊಸರಿಗೆ ಟೋಪಿ ಹಾಕಿದ ಕತೆ

ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಹೋಗಿ ಉಲ್ಲನ್ ನೂಲು ಉಂಟಾ ಅಂತ ಕೇಳಿದೆ. ಅಂಗಡಿಯವರಿಗೆ ಅರ್ಥ ಆಗಲಿಲ್ಲ. ತುಳುವಿನಲ್ಲಿ ಕೇಳಿದೆ, ಅದೂ ಆಗಲಿಲ್ಲ. ಕೊನೆಗೆ ನನ್ನ ಹರಕು ಮಲಯಾಳದಲ್ಲಿ ‘ಕಂಬಿಳಿ ನೂಲ್’ ಅಂದೆ. ಅವರು ಹೊರಗಿನ ಬಿಸಿಲನ್ನು ಒಮ್ಮೆ ನೋಡಿದರು, ನನ್ನ ಮುಖವನ್ನು ಒಮ್ಮೆ ನೋಡಿದರು, ಆಮೇಲೆ ‘ಇವಿಡೆ ಆರ್ಕಾ ಕಂಬಿಳಿ?’ ಅಂದರು. ಇಲ್ಲಿ ಉಣ್ಣೆ ಬೇಕಾದದ್ದು ಯಾರಿಗೆ ಅಂತ.

ಮಾತು ಸರಿಯೇ. ಧನು ತಿಂಗಳಲ್ಲೂ ನಮ್ಮಲ್ಲಿ ಫ್ಯಾನು ತಿರುಗುತ್ತದೆ. ಮನೆಯಲ್ಲಿ ಇರುವ ಒಂದೇ ಒಂದು ಸ್ವೆಟರ್ ನಮ್ಮವರದ್ದು, ಮದುವೆಗೆ ಮೊದಲು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ತೆಗೆದದ್ದು, ಈಗ ಅಟ್ಟದಲ್ಲಿ ಒಂದು ಟ್ರಂಕಿನೊಳಗೆ ನುಸಿಗುಳಿಗೆ ವಾಸನೆ ಕುಡಿಯುತ್ತಾ ಮಲಗಿದೆ. ಅಂಥಾ ಊರಿನಲ್ಲಿ ಕೂತು ಹೆಣಿಗೆ ಕಲಿತೇನೆ ಅಂತ ಹೊರಟವಳು ನಾನು.

ಶುರುವಾದದ್ದು ಮಳೆಯಿಂದ. ನಮ್ಮ ಮನೆ ಇರುವುದು ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ಇದು, ಅದರಲ್ಲಿ ಹೆಚ್ಚಿನದ್ದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಒಂದೇ ಸಮ ಸುರಿಯುತ್ತದೆ. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಮುಗಿಯಿತು, ಕರೆಂಟ್ ಯಾವಾಗ ಬರುತ್ತದೆ ಅಂತ ಕೇಳಲೇಬಾರದು. ಮೊಬೈಲ್ ಸತ್ತಿರುತ್ತದೆ, ತೋಟಕ್ಕೆ ಇಳಿಯುವ ಹಾಗಿಲ್ಲ, ಇಳಿದರೆ ಉಂಬುಳು, ಅಂದರೆ ಜಿಗಣೆ. ಹಾಗೆ ಕೈ ಖಾಲಿ ಕೂತ ಒಂದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಜ್ಜಿಯ ಹಳೇ ಹೊಲಿಗೆ ಪೆಟ್ಟಿಗೆ ತೆಗೆದೆ. ಅಜ್ಜಿ ಎಂದರೆ ನನ್ನ ಅಮ್ಮನ ಅಮ್ಮ. ಟೀವಿಗೆ, ರೇಡಿಯೋಗೆ, ಟೀಪಾಯಿಗೆ, ಕೊನೆಗೆ ನೀರಿನ ಹೂಜಿಗೂ ಕ್ರೋಶೆಯಲ್ಲಿ ಬಿಳಿ ಲೇಸಿನ ಮುಸುಕು ಹಾಕಿ ಕೂರಿಸಿದ ಕಾಲದವರು. ಪೆಟ್ಟಿಗೆಯಲ್ಲಿ ಎರಡು ಜೊತೆ ಅಲ್ಯೂಮಿನಿಯಂ ಕಡ್ಡಿಗಳಿದ್ದವು. ತಲೆಯಲ್ಲಿ ನಂಬರು ಕೊರೆದಿತ್ತು. ಒಂದು ಜೊತೆ 8, ಇನ್ನೊಂದು 10.

ಈ ನಂಬರುಗಳು ನನಗೆ ಮಾಡಿದ ಮೋಸವನ್ನು ಮೊದಲು ಹೇಳಿಬಿಡುತ್ತೇನೆ. ಅದೇ ಆಗ ಬೆಂಗಳೂರಿನ ನಾದಿನಿಗೆ ಹೆರಿಗೆಯಾಗಿತ್ತು. ಮಗುವಿಗೆ ಒಂದು ಟೋಪಿ ಹೆಣೆಯೋಣ, ಅಲ್ಲಿ ಹೇಗೂ ಚಳಿ ಅಲ್ವಾ ಅಂತ ಅತ್ತೆ ಎದುರು ದೊಡ್ಡದಾಗಿ ಹೇಳಿಬಿಟ್ಟೆ. ನೂಲು ಇತ್ತು, ಹಿಂದೆ ಊಟಿಗೆ ಹೋದಾಗ ಚಂದ ಕಂಡಿತು ಅಂತ ಸುಮ್ನೆ ತಂದ ಅಸಲಿ ಉಣ್ಣೆ, ಹಾಲುಬಿಳಿ. ವೀಡಿಯೋದಲ್ಲಿ ಕಲಿಸುವವಳು ಸಪೂರ ಕಡ್ಡಿ ತೆಗೆದುಕೊಳ್ಳಿ ಅಂದಳು. 10ಕ್ಕಿಂತ 8 ಸಣ್ಣ ಸಂಖ್ಯೆ, ಹಾಗಾದರೆ ಸಪೂರದ್ದು 8 ಅಂತ ನಾನು ಕಣ್ಣಳತೆಯನ್ನೂ ನೋಡದೆ ಹಿಡಿದುಕೊಂಡೆ. ಈ ಹಳೇ ಲೆಕ್ಕ ಉಲ್ಟಾ ಮಾರಾಯ್ರೆ. ನಂಬರು ದೊಡ್ಡದಾದಷ್ಟೂ ಕಡ್ಡಿ ಸಪೂರ. 8 ಅಂದರೆ 4 ಮಿಲಿಮೀಟರ್ ದಪ್ಪ, 10 ಅಂದರೆ 3.25. ಮುಕ್ಕಾಲು ಮಿಲಿಮೀಟರಿನಲ್ಲಿ ಎಂತ ಆಗುತ್ತದೆ ಅಂತ ಕೇಳಬಹುದು. 10 ಸೆಂಟಿಮೀಟರಿಗೆ 22 ಕುಣಿಕೆ ಬರಬೇಕಾದಲ್ಲಿ ನನಗೆ ಬಂದದ್ದು 18. ಒಟ್ಟು 88 ಕುಣಿಕೆಯ ಟೋಪಿ. 40 ಸೆಂಟಿಮೀಟರ್ ಸುತ್ತಳತೆ ಆಗಬೇಕಾದದ್ದು ಹತ್ತಿರ ಹತ್ತಿರ 49 ಆಗಿ ಕೂತಿತು. ಮೊದಲೇ ಒಂದು ಸಣ್ಣ ತುಂಡು ಹೆಣೆದು ಅಳೆದು ನೋಡಿ ಅಂತ ವೀಡಿಯೋದವಳು ನಾಲ್ಕು ಸಲ ಹೇಳಿದ್ದಳು. ನಾನು ಆ ಭಾಗವನ್ನು ಓಡಿಸಿದ್ದೆ.

ಟೋಪಿ ನೋಡಿ ಅತ್ತೆ, ‘ಮಗು ಶಾಲೆಗೆ ಹೋಪಗ ಹಾಕುಗು’ ಅಂದರು. ಬಿಚ್ಚಲಿಕ್ಕೆ ಮನಸ್ಸು ಬರಲಿಲ್ಲ. ಕಪಾಟಿನಲ್ಲಿ ಇಟ್ಟೆ. ಅದರ ಕತೆ ಮತ್ತೆ ಹೇಳುತ್ತೇನೆ.

ಎರಡನೆಯದು ಒಂದು ಉದ್ದದ ಪಟ್ಟಿ. ಒಂದು ಸಾಲು ನಿಟ್ ಅಂದರೆ ನೇರ ಹೆಣಿಗೆ, ಒಂದು ಸಾಲು ಪರ್ಲ್ ಅಂದರೆ ಉಲ್ಟಾ ಹೆಣಿಗೆ, ಹೀಗೇ ಹೋಗುವುದು, ಎದುರುಬದಿ ನುಣ್ಣಗೆ ಬರುತ್ತದೆ, ನೋಡಲು ಅಂಗಡಿಯದ್ದರ ಹಾಗೆ. ಆದರೆ ಕಡ್ಡಿಯಿಂದ ಇಳಿಸಿದ ಕೂಡಲೇ ಎರಡೂ ಅಂಚು ಸುರುಳಿ ಸುತ್ತಿಕೊಂಡು ಕೊನೆಗೆ ಉದ್ದದ ಚಕ್ಕುಲಿಯ ಹಾಗೆ ಆಯಿತು. ಇಸ್ತ್ರಿ ಹಾಕಿದೆ, ಹಾಸಿಗೆ ಅಡಿಗೆ ಇಟ್ಟೆ, ರುಬ್ಬುಕಲ್ಲಿನ ಗುಂಡನ್ನು ಹೇರಿದೆ. ಊಹೂಂ. ಆಮೇಲೆ ಗೊತ್ತಾಯಿತು, ಆ ಹೆಣಿಗೆಯ ಗುಣವೇ ಅದು. ಒಂದು ಬದಿಯಲ್ಲಿ ಎಲ್ಲ ಕುಣಿಕೆಗಳೂ ಒಂದೇ ಥರ, ಇನ್ನೊಂದು ಬದಿಯಲ್ಲಿ ಇನ್ನೊಂದು ಥರ, ಎರಡರ ಎಳೆತ ಸಮ ಇಲ್ಲ, ಹಾಗಾಗಿ ಸುತ್ತಿಕೊಳ್ಳುತ್ತದೆ. ಎಲ್ಲ ಸಾಲನ್ನೂ ನಿಟ್ ಮಾತ್ರ ಹಾಕಿದರೆ ಎರಡೂ ಬದಿ ಒಂದೇ ಆಗಿ ಚಪ್ಪಟೆ ಬಿದ್ದಿರುತ್ತದೆ. ನೋಡಲು ಸ್ವಲ್ಪ ಉಬ್ಬುತಗ್ಗು, ಆದರೆ ಹೇಳಿದ ಮಾತು ಕೇಳುತ್ತದೆ. ನಾನು ಈಗ ಮಾಡುವುದೆಲ್ಲ ಅದೇ.

ಆಮೇಲೆ ಬುದ್ಧಿ ಬಂತು. ಈ ಊರಿನಲ್ಲಿ ಮೈಗೆ ಹಾಕುವಂಥದ್ದು ಹೆಣೆದು ಪ್ರಯೋಜನ ಇಲ್ಲ, ಅಡುಗೆಮನೆಗೆ ಬೇಕಾದ್ದು ಹೆಣೆಯೋಣ ಅಂತ. ಮೊದಲು ಮಸಿಅರಿವೆ. ಬಿಸಿ ಪಾತ್ರೆ ಇಳಿಸುವ ಬಟ್ಟೆ. ಹಳೇ ಪಂಚೆ ಹರಿದು ಮಾಡುವ ಮಸಿಅರಿವೆ ನಮ್ಮ ಮನೆಯಲ್ಲಿ ಯಾವ ಬಣ್ಣದಲ್ಲಿ ಹುಟ್ಟಿತ್ತು ಅಂತ ದೇವರಿಗೂ ಗೊತ್ತಿರಲಿಕ್ಕಿಲ್ಲ. ಅದರ ಬದಲು ಕೆಂಪು-ಹಳದಿ ಪಟ್ಟಿಯ, ಅಂಚಿಗೆ ಕ್ರೋಶೆ ಹಾಕಿದ ಚಂದದ ಒಂದು ಜೊತೆ. ಅಂಗಡಿಯಲ್ಲಿ ಸಿಕ್ಕಿದ ಬಣ್ಣಬಣ್ಣದ ನೂಲನ್ನು ನಾನು ಉಲ್ಲನ್ ಅಂತಲೇ ನಂಬಿದ್ದೆ. ದೋಸೆ ಕಾವಲಿಯನ್ನು ಅದರಲ್ಲಿ ಹಿಡಿದು ಇಳಿಸಿದೆ, ಕಾವಲಿ ಬಂತು, ಮಸಿಅರಿವೆಯೂ ಕಾವಲಿಯ ಜೊತೆಗೇ ಅಂಟಿಕೊಂಡು ಬಂತು. ಕೆಂಪು ಪಟ್ಟಿ ಕರಗಿ ಲೊಳೆ. ಅಡುಗೆಮನೆಯಿಡೀ ಪ್ಲಾಸ್ಟಿಕ್ ಹೊತ್ತಿದ ವಾಸನೆ. ನನ್ನ ಬೆರಳು ಉಳಿದದ್ದೇ ಪುಣ್ಯ.

ಅದು ಅಕ್ರಿಲಿಕ್. ಅಂದ್ರೆ ಒಂದು ಥರದ ಪ್ಲಾಸ್ಟಿಕ್ಕೇ. ಲೇಬಲ್ಲಿನಲ್ಲಿ ಸಣ್ಣಕ್ಷರದಲ್ಲಿ ಬರೆದೇ ಇತ್ತು, ತಪ್ಪು ನನ್ನದು. ಈಗ ಯಾವ ನೂಲು ತಂದರೂ ಒಂದು ಗೇಣು ತುಂಡನ್ನು ಚಿಮಟದಲ್ಲಿ ಹಿಡಿದು, ಅಂಗಳದಲ್ಲಿ ನಿಂತು, ಕಡ್ಡಿ ಗೀರಿ ನೋಡುತ್ತೇನೆ. ಹತ್ತಿಯಾದರೆ ಕಾಗದ ಉರಿದ ವಾಸನೆ, ಮೆತ್ತಗಿನ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗುತ್ತಾ ಉರಿದು ಕೊನೆಗೆ ಗಟ್ಟಿ ಕಪ್ಪು ಮಣಿ. ಆಚೆಮನೆಯವರು ಗೇಟಿನಿಂದ ನೋಡಿ ಎಂತದ್ದೋ ಮಾಟ ಅಂತ ತಿಳಿದರೂ ತಿಳಿದಿರಬಹುದು.

ಹಾಗಾಗಿ ಹತ್ತಿಗೆ ಬಂದೆ. ಕಾಸರಗೋಡು ಸೀರೆ ಅಂತ ಹೆಸರುವಾಸಿ ಹತ್ತಿ ಸೀರೆ ನೇಯುವ ಊರು ನಮ್ಮದು, ಆದರೆ ಆ ನೂಲು ಕೂದಲಿನಷ್ಟು ಸಪೂರ, ನನ್ನ ಕಡ್ಡಿಯಲ್ಲಿ ನಿಲ್ಲುವಂಥದ್ದಲ್ಲ. ಎಂಟು ಎಳೆಯ ದಪ್ಪ ಹತ್ತಿನೂಲನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬಿಳಿಯದ್ದು ಕಡಿಮೆ ಕ್ರಯ, ಬಣ್ಣದ್ದು ಜಾಸ್ತಿ. ಬಿಳಿಯದ್ದನ್ನೇ ತರಿಸಿ ಬಣ್ಣ ನಾವೇ ಹಾಕೋಣ ಅಂತ ಒಂದು ಹುಚ್ಚು ಹತ್ತಿತು ನೋಡಿ, ಅಲ್ಲಿಂದ ಅಡುಗೆ ಯಾವುದು, ಹೆಣಿಗೆ ಯಾವುದು ಅಂತ ನನಗೇ ಗುರುತು ಸಿಗದ ಹಾಗಾಯಿತು.

ಬಣ್ಣಕ್ಕೆ ಎಲ್ಲಿಗೆ ಹೋಗಬೇಕು ಅಂತ ಯೋಚಿಸುವಾಗ ಅಮ್ಮನ ಬೈಗುಳ ನೆನಪಾಯಿತು. ಸಣ್ಣದಿರುವಾಗ ನಾವು ಪೆಟ್ಟು ತಿಂದದ್ದೆಲ್ಲ ಕಲೆಗೆ. ಗೇರುಹಣ್ಣಿನ ರಸ ಅಂಗಿಗೆ ಬಿತ್ತು, ಪೆಟ್ಟು. ಬಾಳೆಯ ನೀರು ತಾಗಿತು, ಪೆಟ್ಟು. ಹಸಿ ಅಡಿಕೆಯ ಚೊಗರು, ತೇಗದ ಚಿಗುರು ತಿಕ್ಕಿದ ಕೆಂಪು, ಬಸಳೆ ಹಣ್ಣಿನ ನೇರಳೆ, ಎಲ್ಲದಕ್ಕೂ ‘ಇದು ಇನ್ನು ಹೋಪಲಿಲ್ಲೆ’ ಅಂತ ಅಮ್ಮನ ತೀರ್ಪು. ಯಾವ ಕಲೆ ಹೋಗುವುದಿಲ್ಲವೋ ಅದೇ ಅಲ್ವಾ ಒಳ್ಳೇ ಬಣ್ಣ? ಅಮ್ಮ ಬೈದ ಪಟ್ಟಿಯನ್ನೇ ಹಿಡಿದುಕೊಂಡು ಶುರುಮಾಡಿದೆ.

ಮೊದಲು ಅಡಿಕೆ. ತೋಟದಲ್ಲಿ ಉದುರಿದ ಎಳೆ ಅಡಿಕೆಯನ್ನು ಜಜ್ಜಿ ನೀರಿನಲ್ಲಿ ಕುದಿಸಿದರೆ ಚೆಂದದ ಕೆಂಗಂದು ಚೊಗರು ಇಳಿಯುತ್ತದೆ. ಹತ್ತಿಗೆ ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ, ಮೊದಲು ಚೊಗರಿನಲ್ಲಿ ಅದ್ದಿ ಆಮೇಲೆ ಪಟಿಕದ ನೀರಿನಲ್ಲಿ ಅದ್ದಬೇಕು, ಆಗ ಬಣ್ಣ ಕಚ್ಚಿಕೊಳ್ಳುತ್ತದೆ. ಹಿಂದಿನವರು ಇದಕ್ಕೆ ಅಳಲೆಕಾಯಿ ಬಳಸುತ್ತಿದ್ದರು. ನಮ್ಮಲ್ಲಿ ಅಡಿಕೆಗೆ ಬರ ಇಲ್ಲವಲ್ಲ. 100 ಗ್ರಾಂ ನೂಲಿಗೆ 15 ಗ್ರಾಂ ಪಟಿಕ ಲೆಕ್ಕ ಹಾಕಿದೆ. ಎಲ್ಲ ಸರಿ ಮಾಡಿದೆ, ಪಾತ್ರೆ ಒಂದು ಬಿಟ್ಟು. ದೊಡ್ಡ ಪಾತ್ರೆ ಅಂತ ಕೈಗೆ ಸಿಕ್ಕಿದ್ದು ಅತ್ತೆಯ ಹಳೇ ಕಬ್ಬಿಣದ ಬಾಣಲೆ. ಕೆಂಗಂದು ಆಗಬೇಕಾದ ನೂಲು ಹತ್ತು ನಿಮಿಷದಲ್ಲಿ ಮಳೆಮೋಡದ ಬಣ್ಣಕ್ಕೆ ತಿರುಗಿತು. ಚೊಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಕುದಿಸಿ ತಲೆಗೆ ಹಚ್ಚುವುದು ಎಷ್ಟು ಸಲ ನೋಡಿಲ್ಲ, ಆದರೂ ಹೊಳೆಯಲಿಲ್ಲ. ಅತ್ತೆ ಬಂದು ಬಗ್ಗಿ ನೋಡಿ, ‘ಬಾಣಲೆ ಎನ್ನದು, ನೆಂಪಿರಲಿ’ ಅಂದು ಹೋದರು. ಅದನ್ನು ಸೀಗೆ ಹುಡಿ ಹಾಕಿ ತಿಕ್ಕಿ, ಎಣ್ಣೆ ಕುಡಿಸಿ, ಮೊದಲಿನ ಹಾಗೆ ಮಾಡಲು ನನಗೆ ಎರಡು ದಿನ ಬೇಕಾಯಿತು. ನೂಲು ಮಾತ್ರ ಅದ್ಭುತ. ಮಸಿಅರಿವೆಗೆ ಮಸಿ ಬಣ್ಣಕ್ಕಿಂತ ಒಳ್ಳೇದು ಯಾವುದು? ಎಷ್ಟು ಒಗೆದರೂ ಹೋಗಲಿಲ್ಲ.

ತೇಗದ ಎಲೆಯ ಐಡಿಯಾ ಕೊಟ್ಟಿಗೆಯಿಂದ ಬಂತು. ದನದ ಕೊಟ್ಟಿಗೆ ಅಲ್ಲ, ತಿನ್ನುವ ಕೊಟ್ಟಿಗೆ. ಹಲಸಿನಹಣ್ಣಿನ ಹಿಟ್ಟನ್ನು ಬಾಳೆಲೆಯ ಬದಲು ತೇಗದ ಎಲೆಯಲ್ಲಿ ಕಟ್ಟಿ ಬೇಯಿಸಿದರೆ ಅದರ ಮೈ ಕೆಂಪಗೆ ಬರುತ್ತದೆ, ಒಂದು ಬೇರೆಯೇ ಪರಿಮಳ. ಅಟ್ಟಿನಳಗೆಯಿಂದ (ಹಬೆಯಲ್ಲಿ ಬೇಯಿಸುವ ಪಾತ್ರೆ) ತೆಗೆದು ಎಲೆ ಬಿಡಿಸುತ್ತಾ, ಅಕ್ಕಿಹಿಟ್ಟಿಗೆ ಹಿಡಿಯುವ ಬಣ್ಣ ಹತ್ತಿಗೆ ಹಿಡಿಯದಾ ಅನ್ನಿಸಿತು. ಮುಂದಿನ ವಾರ ಮಗಳನ್ನು ಕಳಿಸಿ ಎಳೆ ಚಿಗುರು ತರಿಸಿದೆ, ಸ್ಟೀಲ್ ಪಾತ್ರೆಯಲ್ಲಿ ಕುದಿಸಿದೆ (ಬುದ್ಧಿ ಕಲಿತಿದ್ದೆ). ಹಳೇ ಹೆಂಚಿನ ಬಣ್ಣ ಬಂತು. ನಾನು ಇಲ್ಲಿಯವರೆಗೆ ಮಾಡಿದ ಬಣ್ಣಗಳಲ್ಲಿ ನನಗೆ ತುಂಬಾ ಇಷ್ಟದ್ದು ಇದು. ಅದರಲ್ಲಿ ತೆಂಗಿನಕಾಯಿ ತರುವ ಒಂದು ಬಲೆಚೀಲ ಹೆಣೆದೆ, ನಾಲ್ಕು ಕಾಯಿ ಹಾಕಿದರೆ ಮೊಣಕಾಲಿನವರೆಗೆ ಜಗ್ಗುತ್ತದೆ, ಆದರೂ ಹರಿಯಲಿಲ್ಲ.

ಅರಸಿನದಲ್ಲಿ ಮಾತ್ರ ಮೋಸ ಹೋದೆ. ಬಟ್ಟೆಗೆ ತಾಗಿದರೆ ನಾವು ಎಲ್ಲಕ್ಕಿಂತ ಜಾಸ್ತಿ ಹೆದರುವುದು ಅರಸಿನಕ್ಕೆ. ನೂಲು ಹಾಕಿದ ಕೂಡಲೇ ಗೊಂಡೆಹೂವಿನ ಹಳದಿ. ಎಷ್ಟು ಸುಲಭ ಅಂತ ಹಿಗ್ಗಿದೆ. ಒಗೆಯುವ ಸಾಬೂನು ಹಾಕಿದ್ದೇ ತಡ, ರಕ್ತದ ಹಾಗೆ ಕೆಂಪು! ಮಗಳು ಕಿರುಚಿ ಓಡಿದಳು. ನಾನೂ ಒಂದು ಕ್ಷಣ ಬೆಚ್ಚಿದೆ, ಆಮೇಲೆ ನಗು ಬಂತು. ಆರತಿಗೆ ಕುರ್ದಿ ನೀರು ಮಾಡುವುದು ಹೇಗೆ? ಅರಸಿನದ ನೀರಿಗೆ ಸುಣ್ಣ. ಸುಣ್ಣ ಮಾಡುವ ಕೆಲಸವನ್ನೇ ಸಾಬೂನು ಮಾಡಿದೆ ಅಷ್ಟೆ, ಎರಡೂ ಕ್ಷಾರ. ಮಗಳನ್ನು ಕರೆದು ಅದಕ್ಕೆ ಲಿಂಬೆಹುಳಿ ಹಿಂಡಿಸಿದೆ, ತಿರುಗಿ ಹಳದಿ. ಆ ದಿನ ಅವಳು ಒಂದೇ ಎಳೆಯನ್ನು ಸಾಬೂನಿಗೊಮ್ಮೆ ಲಿಂಬೆಗೊಮ್ಮೆ ಅದ್ದುತ್ತಾ ಒಂದು ಗಂಟೆ ಕೂತಿದ್ದಳು, ಮೂರು ಲಿಂಬೆ ಖರ್ಚು. ಅದೆಲ್ಲ ಚಂದವೇ, ಆದರೆ ಆ ನೂಲಿನಲ್ಲಿ ಹೆಣೆದ ಬಟ್ಟೆಯನ್ನು ಒಂದು ವಾರ ಬಿಸಿಲಿಗೆ ಹಾಕಿದರೆ ಹಳದಿಯೆಲ್ಲ ಬಿಳಿಚಿ ಹಳೇ ಬನಿಯನ್ನಿನ ಬಣ್ಣ. ಅರಸಿನ ಬಿಸಿಲಿಗೆ ನಿಲ್ಲುವುದಿಲ್ಲ. ಹಾಗಾದರೆ ಸಾರು ಚೆಲ್ಲಿದ ಬಿಳಿ ಪಂಚೆಯನ್ನೂ ಬಿಸಿಲಿಗೆ ಹಾಕಿದರೆ ಆಗುತ್ತದಲ್ಲ ಅಂತ ನಮ್ಮವರು. ಹೌದು, ಆಗುತ್ತದೆ. ಇಷ್ಟು ವರ್ಷ ನಾನು ತಿಕ್ಕಿದ್ದೆಲ್ಲ ದಂಡ. ಬಸಳೆ ಹಣ್ಣಿನದ್ದೂ ಅದೇ ಕತೆ, ಎರಡು ಸಲ ಒಗೆದರೆ ಹೋಯಿತು. ಅಮ್ಮ ಅದಕ್ಕೆ ಕೊಟ್ಟ ಪೆಟ್ಟು ವಾಪಸ್ ಕೇಳಬೇಕು.

ನೂಲು ಹೀಗೆ ಅಡುಗೆಮನೆಗೆ ಬಂದ ಮೇಲೆ ಅಡುಗೆ ಸುಮ್ಮನಿರುತ್ತದಾ. ಶಂಖಪುಷ್ಪದ ನೀಲಿಯನ್ನು ನೂಲಿಗೆ ಹಾಕಿ ನೋಡಿದೆ, ನಿಲ್ಲಲಿಲ್ಲ. ಬೇಲಿ ತುಂಬಾ ಹೂ ಉಂಟು, ಒಂದು ಲೋಟ ಕಡುನೀಲಿ ನೀರು ಮಿಕ್ಕಿದೆ, ಚೆಲ್ಲುವುದು ಯಾಕೆ? ಮರುದಿನ ಸೇಮಗೆ, ಅಂದರೆ ಒತ್ತು ಶಾವಿಗೆ, ಮಾಡುವುದಿತ್ತು. ಅಕ್ಕಿ-ಕಾಯಿ ರುಬ್ಬಿದ ಹಿಟ್ಟನ್ನು ಬಾಣಲೆಯಲ್ಲಿ ಕಾಯಿಸುವಾಗ ಅರ್ಧಕ್ಕೆ ಈ ನೀರು ಹೊಯ್ದೆ. ಉಂಡೆ ಕಟ್ಟಿ ಬೇಯಿಸಿ, ಸೇಮಗೆ ಮಣೆಗೆ ಹಾಕಿ ಒತ್ತಿದರೆ ಬಾಳೆಲೆಯ ಮೇಲೆ ನೀಲಿ ಸುರುಳಿ ಇಳಿಯಿತು, ನನ್ನ ನೂಲಿನ ಉಂಡೆಯ ಹಾಗೆಯೇ! ಮಾವ ಊಟಕ್ಕೆ ಕೂತವರು ಕನ್ನಡಕ ತೆಗೆದು ಒರೆಸಿ ಪುನಃ ಹಾಕಿಕೊಂಡರು. ‘ಇದು ತಿಂಬಲೆ ಇಪ್ಪದೋ, ನೋಡ್ಲೆ ಇಪ್ಪದೋ?’

ರುಚಿಯಲ್ಲಿ ಎಂತ ವ್ಯತ್ಯಾಸವೂ ಇಲ್ಲ ಮಾವ ಅಂದೆ. ಅದು ನಿಜ, ಶಂಖಪುಷ್ಪಕ್ಕೆ ರುಚಿಯೇ ಇಲ್ಲ. ಆದರೆ ಬಿಳಿ ಕಾಯಿಹಾಲು ಅದರ ಮೇಲೆ ಬಿದ್ದಾಗ ಬರುವ ಬಣ್ಣ ಉಂಟಲ್ಲ, ಅದು ಊಟದ ಬಣ್ಣ ಅಲ್ಲ, ಗೋಡೆಗೆ ಹೊಡೆಯುವ ಡಿಸ್ಟೆಂಪರಿನ ಬಣ್ಣ. ಮಾವ ಕಣ್ಣುಮುಚ್ಚಿ ತಿಂದರು. ಉಳಿದದ್ದಕ್ಕೆ ಸಂಜೆ ಸಾಸಿವೆ, ಕರಿಬೇವಿನ ಸೊಪ್ಪು, ಹಸಿಮೆಣಸಿನ ಒಗ್ಗರಣೆ ಹಾಕಿ ಲಿಂಬೆಹುಳಿ ಹಿಂಡಿದೆ. ಹುಳಿ ಬಿದ್ದಲ್ಲೆಲ್ಲ ನೇರಳೆ, ಬೀಳದಲ್ಲಿ ನೀಲಿ. ಮಗಳ ಪ್ರಕಾರ ನಾನು ಈ ಜನ್ಮದಲ್ಲಿ ಮಾಡಿದ ಬೆಸ್ಟ್ ಅಡುಗೆ ಅದು. ಕಾಯಿಹಾಲಿನ ಜೊತೆ ಬೇಡ, ಒಗ್ಗರಣೆಗೆ ಆಗಬಹುದು, ಇದು ನನ್ನ ಅಭಿಪ್ರಾಯ.

ಉಪ್ಪುಸೊಳೆಯ ಪಿಜ್ಜಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆಯನ್ನು ನೀರಿನಲ್ಲಿ ನೆನೆಸಿ, ನಾಲ್ಕೈದು ಸಲ ನೀರು ಬದಲಿಸಿ, ಉಪ್ಪು ಬಿಡಿಸಬೇಕು. ಅವಸರದಲ್ಲಿ ನಾನು ಒಂದೇ ಸಲ ಬದಲಿಸಿದೆ. ಅದರ ರೊಟ್ಟಿಯ ಮೇಲೆ ಉಪ್ಪಿರುವ ಚೀಸ್ ಬೇರೆ. ಇಡೀ ಮನೆ ರಾತ್ರಿಯಿಡೀ ನೀರು ಕುಡಿಯಿತು.

ಈಗ ಟೋಪಿ. ಕಾಸರಗೋಡಿನಲ್ಲಿ ಟೋಪಿ ಅಂದರೆ ತಳಂಗರೆ ಟೋಪಿ, ಬಿಳಿ ಬಟ್ಟೆಯಲ್ಲಿ ಅಲ್ಲಿನ ಹೆಂಗಸರು ಕೈಯಲ್ಲೇ ಕಸೂತಿ ಹಾಕಿ ಮಾಡುವಂಥದ್ದು, ಗಲ್ಫಿಗೂ ಹೋದದ್ದು. ನನ್ನದು ಕಪಾಟಿನಿಂದ ಆಚೆ ಹೋಗಿರಲಿಲ್ಲ. ಕಳೆದ ಆಟಿಯಲ್ಲಿ ಮೊಸರು ಹೆಪ್ಪಾಗುವುದೇ ಇಲ್ಲ, ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತಿತ್ತು. ಮೊಸರಿಗೆ ಬೇಕಾದ್ದು ಉಗುರುಬೆಚ್ಚಗಿನ ಶಾಖ, ಅದೂ ನಾಲ್ಕೈದು ಗಂಟೆ. ಮಳೆಯ ಥಂಡಿಗೆ ಪಾತ್ರೆ ಒಂದು ಗಂಟೆಯಲ್ಲೇ ತಣ್ಣಗಾಗುತ್ತದೆ. ಅತ್ತೆ ಪಾತ್ರೆಯನ್ನು ಬೈರಾಸಿನಲ್ಲಿ, ಅಂದರೆ ಮೈ ಒರೆಸುವ ಬಟ್ಟೆಯಲ್ಲಿ, ಸುತ್ತಿಡುತ್ತಿದ್ದರು. ಬೈರಾಸಿನ ಬದಲು ಉಣ್ಣೆ ಆದರೆ? ತಪ್ಪಲೆಯ ಸುತ್ತಳತೆ ತೆಗೆದೆ. 50 ಸೆಂಟಿಮೀಟರ್. ಟೋಪಿ 49.

ಒಂದು ರಾತ್ರಿ ಪರೀಕ್ಷೆ ಮಾಡಿದೆವು. ಒಂದೇ ಹಾಲು, ಒಂದೇ ಹೆಪ್ಪು, ಒಂದೇ ಥರದ ಎರಡು ತಪ್ಪಲೆ. ಒಂದಕ್ಕೆ ಟೋಪಿ, ಒಂದು ಬೋಳು. ಮಗಳು ನೋಟ್‌ಪುಸ್ತಕದಲ್ಲಿ ಹೊತ್ತು ಬರೆದಳು. ಬೆಳಿಗ್ಗೆ ಆರಕ್ಕೆ ಟೋಪಿಯದ್ದು ಗಟ್ಟಿ, ಸಟ್ಟುಗ ಹಾಕಿದರೆ ಹಲ್ವದ ಹಾಗೆ ಕತ್ತರಿಸಿ ಬಂತು. ಬೋಳು ತಪ್ಪಲೆ ಗಟ್ಟಿಯಾಗುವಾಗ ಹತ್ತೂವರೆ. ಉಣ್ಣೆ ಬಿಸಿ ಹುಟ್ಟಿಸುವುದಿಲ್ಲ, ತನ್ನ ಎಳೆಗಳ ಮಧ್ಯೆ ಗಾಳಿ ಹಿಡಿದಿಟ್ಟು ಇರುವ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲ ಅಷ್ಟೆ. ಅತ್ತೆ ಮೊದಲ ಸಲ ನನ್ನ ಹೆಣಿಗೆಯನ್ನು ಮುಟ್ಟಿ ನೋಡಿದರು. ‘ಅಕ್ಕು, ಮೊಸರಿಂಗೆ ಆದರೂ ಚಳಿ ಅಪ್ಪಲಾಗ.’ ಆಗಬಹುದು, ಮೊಸರಿಗಾದರೂ ಚಳಿ ಆಗಬಾರದು ಅಂತ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಇಡ್ಲಿಹಿಟ್ಟಿಗೂ ಹಾಕಿದೆ. ಹಿಟ್ಟು ಯಾವತ್ತೂ ಉಬ್ಬದಷ್ಟು ಉಬ್ಬಿ, ಮುಚ್ಚಳ ಎತ್ತಿ, ಟೋಪಿಯೊಳಗೆಲ್ಲ ಇಳಿದು, ಬೆಳಿಗ್ಗೆ ಹುಳಿವಾಸನೆಯ ಒಂದು ಮುದ್ದೆ. ಬಚ್ಚಲಿನ ಹಂಡೆಯಿಂದ ಕುದಿಕುದಿ ನೀರು ತೆಗೆದು, ಸಾಬೂನು ಹಾಕಿ, ಕಲ್ಲಿನ ಮೇಲೆ ಬಟ್ಟೆ ತಿಕ್ಕಿದ ಹಾಗೆ ತಿಕ್ಕಿದೆ. ಅಸಲಿ ಉಣ್ಣೆಗೆ ಮಾಡಬಾರದ್ದು ಏನೇನುಂಟೋ ಅಷ್ಟನ್ನೂ ಒಟ್ಟಿಗೆ ಮಾಡಿದೆ. ಉಣ್ಣೆಯ ಎಳೆಗೆ ಕಣ್ಣಿಗೆ ಕಾಣದ ಪೊರೆಪೊರೆ ಇರುತ್ತದೆ, ಬಿಸಿ ಸಾಬೂನು ನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಮುದುಡುತ್ತದೆ, ಮತ್ತೆ ಬಿಡಿಸಲಿಕ್ಕೆ ಆಗುವುದಿಲ್ಲ. ಟೋಪಿ ಕಂಬಳಿಯ ಹಾಗೆ ದಪ್ಪ ಆಯಿತು, ಕುಣಿಕೆಗಳೇ ಕಾಣದ ಹಾಗೆ. ಅಳೆದರೆ 33 ಸೆಂಟಿಮೀಟರ್.

ಓಣಂ ರಜೆಗೆ ನಾದಿನಿ ಮಗುವನ್ನು ಕರೆದುಕೊಂಡು ಬಂದಿದ್ದಳು. ಮಗುವಿಗೆ ಈಗ ಎರಡು ವರ್ಷ, ತಲೆ 48 ಸೆಂಟಿಮೀಟರ್. ಮೊದಲಿನ ಟೋಪಿ ಸರಿಯಾಗಿ ಕೂರುತ್ತಿತ್ತು. ಅತ್ತೆ ಅದನ್ನು ಅವಳಿಗೆ ಹೇಳಿ ಹೇಳಿ ನಕ್ಕರು. ಟೋಪಿ ಸದ್ಯ ಅರ್ಧ ಲೀಟರಿನ ಮೊಸರಿನ ಗಿಂಡಿಯ ಮೇಲೆ ಇದೆ. ನಾದಿನಿ ಹೊರಡುವಾಗ ಅಂಥದ್ದೇ ಒಂದು ಬೇಕು ಅಂದಳು. ಮಗುವಿಗಾ ಅಂತ ಕೇಳಿದೆ. ಅಲ್ಲ ಅತ್ತಿಗೆ, ಬೆಂಗಳೂರಿನಲ್ಲಿ ಡಿಸೆಂಬರಿನಲ್ಲಿ ಮೊಸರೇ ಆಗುವುದಿಲ್ಲ ಅಂದಳು.